ಮೆಂಡರ್‌ಗೂ ಒಂದು ಜಾಗ ಬೇಕು: ಮನೆಶಾಲೆಯ ದಿನಚರಿ, ಮನೆಶಾಲೆಯ ಸಾಮಾನು

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಮನೆಶಾಲೆ ಶುರುಮಾಡಿ ಒಂಬತ್ತನೇ ದಿನವೋ ಹತ್ತನೇ ದಿನವೋ ಇರಬೇಕು. ದೊಡ್ಡವಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಕಾಗದವನ್ನು ನಾಲ್ಕಾಗಿ ಮಡಿಸಿ, ಮೂರು ಪಾಲಿಗೆ ಬಣ್ಣ ಹಚ್ಚುತ್ತಿದ್ದಳು. ‘ಹಾಗಾದ್ರೆ ಉಳಿದಿದ್ದು…’ ಅನ್ನುವಷ್ಟರಲ್ಲಿ ಪೆನ್ಸಿಲ್ ಮೊನೆ ಪಟ್ಟಂತ ಮುರಿಯಿತು. ಪೆನ್ಸಿಲ್ ಹೆರೆಯುವ ಮೆಂಡರ್ ಹುಡುಕಲು ಎದ್ದಳು. ನಿನ್ನೆ ಕಿಟಕಿ ಕಟ್ಟೆ ಮೇಲಿತ್ತು, ಇವತ್ತು ಇಲ್ಲ. ತಮ್ಮನನ್ನು ಕೇಳಿದಳು. ‘ನಾ ತಗೊಂಡಿಲ್ಲ’ ಅಂದ. ಜಗಳವಾಯಿತು. ಮಂಚದ ಕೆಳಗೆ ಬಗ್ಗಿದವಳಿಗೆ ಎಂದೋ ಕಳೆದುಹೋಗಿದ್ದ ಚೆಂಡು ಸಿಕ್ಕಿತು. ಇಬ್ಬರೂ ಚೆಂಡು ಹಿಡಿದು ಹೊರಗೆ ಓಡಿದರು. ಮೆಂಡರ್ ಸಿಕ್ಕಿದ್ದು ಸಂಜೆ, ನನ್ನದೇ ಜೇಬಿನಲ್ಲಿ.

ಅಷ್ಟು ಹೊತ್ತಿಗಾಗಲೇ ನಮ್ಮ ಕಪಾಟಿನಲ್ಲಿ ಏನಿರಲಿಲ್ಲ ಹೇಳಿ! 48 ಬಣ್ಣಗಳ ಪೆನ್ಸಿಲ್ ಡಬ್ಬಿ, ಎರಡು ಅಬಾಕಸ್, ಮಿಂಚುವ ಅಕ್ಷರಗಳ ಕಾರ್ಡು, ವರ್ಷಕ್ಕಾಗುವಷ್ಟು ವರ್ಕ್‌ಶೀಟಿನ ಕಟ್ಟು. ಎಲ್ಲ ಇತ್ತು, ಬೇಕಾದ ಗಳಿಗೆಯಲ್ಲಿ ಬೇಕಾದ್ದು ಮಾತ್ರ ಇರಲಿಲ್ಲ. ಅಂದಿನಿಂದ ನಾನು ಕಂಡುಕೊಂಡಿದ್ದು ಇಷ್ಟೇ: ಮನೆಶಾಲೆ ಕುಂಟುವುದು ಸಾಮಾನಿನ ಕೊರತೆಯಿಂದಲ್ಲ, ಇರುವ ಸಾಮಾನು ಕೈಗೆ ಸಿಗದೇ ಇರುವುದರಿಂದ. ಆದ್ದರಿಂದ ಮೊದಲು ದಿನವನ್ನು ಕಟ್ಟಿಕೊಳ್ಳಿ, ಆಮೇಲೆ ಜಾಗ ಗೊತ್ತುಮಾಡಿ, ಕೊನೆಗೆ ಅಂಗಡಿಗೆ ಹೋಗಿ. ನಾವು ಇದನ್ನು ಸರಿಯಾಗಿ ತಿರುಗಾಮುರುಗಾ ಮಾಡಿದ್ದೆವು.

ಮೊದಲ ವಾರ: ಏನೂ ಕೊಳ್ಳಬೇಡಿ

ಕೊಳ್ಳುವ ಮುಂಚೆ ಮಾಡಲೇಬೇಕಾದ ಕೆಲಸ ಒಂದಿದೆ, ಕಾನೂನು ನೋಡಿಕೊಳ್ಳುವುದು. ಇದು ದೇಶದಿಂದ ದೇಶಕ್ಕೆ ಪೂರಾ ಬೇರೆ. ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗುವುದೇ ಕಡ್ಡಾಯ, ಮನೆಯಲ್ಲಿ ಕಲಿಸುವುದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಅಮೆರಿಕದ 50 ರಾಜ್ಯಗಳಲ್ಲೂ ಅವಕಾಶವಿದೆ, ಆದರೆ ಒಂದು ರಾಜ್ಯ ವರ್ಷವರ್ಷ ಲೆಕ್ಕ ಕೇಳಿದರೆ ಇನ್ನೊಂದು ಒಂದು ಕಾಗದವನ್ನೂ ಕೇಳುವುದಿಲ್ಲ. ನೀವಿರುವಲ್ಲಿ ಏನು ಬರೆದಿಡಬೇಕು, ಯಾರಿಗೆ ತಿಳಿಸಬೇಕು, ಪರೀಕ್ಷೆ ಇದೆಯೇ ಇಲ್ಲವೇ ಎಂಬುದನ್ನು ನೆಂಟರ ಬಾಯಿಂದ ಕೇಳಬೇಡಿ, ಸರ್ಕಾರದ ಕಾಗದದಲ್ಲೇ ಓದಿ.

ಆಮೇಲೆ ಒಂದು ವಾರ ಸುಮ್ಮನೆ ಗಮನಿಸಿ. ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ, ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡಗಡೆ, ಮಗು ಯಾವ ಹೊತ್ತಿನಲ್ಲಿ ಚುರುಕಾಗಿತ್ತು, ಯಾವಾಗ ಕಿರಿಕಿರಿ ಮಾಡಿತು. ಬಲಗಡೆ, ಈ ದಿನ ಏನನ್ನು ಹುಡುಕಿ ಸುಸ್ತಾಯಿತು. ನಮ್ಮ ಹಾಳೆಯ ಬಲಗಡೆ ವಾರದ ಕೊನೆಗೆ ಮೆಂಡರ್ ನಾಲ್ಕು ಸಲ, ಕತ್ತರಿ ಮೂರು ಸಲ, ಗಮ್ ಎರಡು ಸಲ ಬಂದಿತ್ತು. ಅಬಾಕಸ್ ಒಮ್ಮೆಯೂ ಬಂದಿರಲಿಲ್ಲ. ಕೊಳ್ಳುವ ಪಟ್ಟಿ ಅಂದರೆ ಅದೇ.

ಶಾಲೆ ಬಿಡಿಸಿ ಕರೆತಂದ ಮಗುವಾದರೆ ಒಂದೇ ವಾರ ಸಾಲದು. ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೂ ಒಂದೊಂದು ತಿಂಗಳು ಬಿಡುವು ಕೊಡಿ ಎಂದು ಮನೆಶಾಲೆಯ ಹಳಬರು ಹೇಳುತ್ತಾರೆ. ಇದು ಯಾರೂ ಅಳೆದು ತೂಗಿ ಹೇಳಿದ ಲೆಕ್ಕವಲ್ಲ, ಬಾಯಿಂದ ಬಾಯಿಗೆ ಬಂದ ಮಾತು. ಆದರೂ ಗಂಟೆ ಹೊಡೆದರೆ ಎದ್ದುನಿಲ್ಲುವ ಅಭ್ಯಾಸವಿರುವ ಮಗುವಿಗೆ ‘ಈಗ ನಿನಗೇನು ಬೇಕು?’ ಅಂತ ಕೇಳಿದರೆ ಉತ್ತರ ಬರುವುದು ತಡ. ಆ ತಡವನ್ನು ಸೋಮಾರಿತನ ಅಂದುಕೊಳ್ಳಬೇಡಿ.

ದಿನಕ್ಕೆ ಗೂಟ ಹೊಡೆಯುವುದು

ನಾನು ಮೊದಲು ಬರೆದ ವೇಳಾಪಟ್ಟಿ ನೋಡಿದರೆ ಈಗ ನಗು ಬರುತ್ತದೆ. 9ಕ್ಕೆ ಕನ್ನಡ, 9:45ಕ್ಕೆ ಗಣಿತ, 10:30ಕ್ಕೆ ಬಿಡುವು. ಮೂರನೇ ದಿನ ಚಿಕ್ಕವನಿಗೆ ಜ್ವರ, ನಾಲ್ಕನೇ ದಿನ ನಲ್ಲಿ ರಿಪೇರಿಯವರು ಬಂದರು, ಐದನೇ ದಿನ ಪಟ್ಟಿ ಹರಿದೆ. ಗಡಿಯಾರದ ಮುಳ್ಳಿಗೆ ಮನೆಯನ್ನು ಕಟ್ಟಿದರೆ ಹೀಗೇ, ಒಂದು ಪಾಠ ತಪ್ಪಿದರೆ ಇಡೀ ದಿನ ತಪ್ಪಿದಂತೆ ಅನಿಸುತ್ತದೆ.

ಅದರ ಬದಲು, ದಿನದಲ್ಲಿ ಏನೇ ಆದರೂ ತಪ್ಪದೆ ನಡೆಯುವ ಕೆಲಸಗಳಿವೆಯಲ್ಲ, ಅವನ್ನು ಗೂಟ ಅಂದುಕೊಳ್ಳಿ. ಬೆಳಗಿನ ತಿಂಡಿ, ಸ್ನಾನ, ಮಧ್ಯಾಹ್ನದ ಊಟ, ಚಿಕ್ಕದರ ನಿದ್ದೆ, ರಾತ್ರಿ ಹಾಸಿಗೆ. ಒಂದೊಂದು ಗೂಟಕ್ಕೂ ಒಂದೊಂದು ಪಾಠ ಕಟ್ಟಿ. ನಮ್ಮಲ್ಲಿ ತಿಂಡಿ ತಟ್ಟೆ ಎತ್ತಿದ ಕೂಡಲೇ ಗಣಿತ. ಅದು ಎಂಟು ಗಂಟೆಗಾದರೂ ಸರಿ, ಒಂಬತ್ತೂವರೆಗಾದರೂ ಸರಿ. ಚಿಕ್ಕವನು ಮಲಗಿದರೆ ಅಕ್ಕನಿಗೆ ಬರವಣಿಗೆ, ಯಾಕೆಂದರೆ ಆಗ ಮಾತ್ರ ಮೇಜು ಅಲುಗಾಡುವುದಿಲ್ಲ. ಹಾಸಿಗೆಗೆ ಹೋದ ಮೇಲೆ ಜೋರಾಗಿ ಓದಿ ಹೇಳುವುದು. ಇಷ್ಟು ಕಟ್ಟಿದ ಮೇಲೆ ‘ಪಾಠಕ್ಕೆ ಬಾ’ ಅಂತ ಕೂಗುವ ಕೆಲಸ ಅರ್ಧ ಕಡಿಮೆಯಾಯಿತು. ತಟ್ಟೆ ಎತ್ತುವ ಸದ್ದೇ ಗಂಟೆ.

ಎಷ್ಟು ಹೊತ್ತು? ಹೊಸಬರು ಹೆದರುವುದು ಇಲ್ಲೇ. ಶಾಲೆಯ ಆರು ಗಂಟೆಗೆ ಸಮನಾಗಿ ಆರು ಗಂಟೆ ಕೂರಿಸಲು ಹೊರಡುತ್ತಾರೆ. ಶಾಲೆಯ ಆರು ಗಂಟೆಯಲ್ಲಿ ಹಾಜರಿ, ಸಾಲು, ಒಬ್ಬರದು ಮುಗಿಯಲಿ ಅಂತ ಮೂವತ್ತು ಜನ ಕಾಯುವುದು ಎಲ್ಲ ಸೇರಿದೆ. ಎದುರಿಗೆ ಒಂದೇ ಮಗು ಕೂತಾಗ ಅದ್ಯಾವುದೂ ಇಲ್ಲ. ಇಂಗ್ಲೆಂಡಿನ ಶಿಕ್ಷಕಿ ಷಾರ್ಲಟ್ ಮೇಸನ್ (1842–1923) ಎಂಟು ವರ್ಷದೊಳಗಿನ ಮಕ್ಕಳಿಗೆ ಒಂದು ಪಾಠ 20 ನಿಮಿಷ ದಾಟಬಾರದು ಅನ್ನುತ್ತಿದ್ದರು. ಪಾಠ ಗಿಡ್ಡವಾಗಿರಬೇಕು, ಆದರೆ ಆ ಗಿಡ್ಡ ಹೊತ್ತಿನಲ್ಲಿ ಗಮನ ಪೂರ್ತಿ ಇರಬೇಕು ಎಂಬುದು ಅವರ ಹಟ. ನಮ್ಮ ಏಳು ವರ್ಷದವನಿಗೆ ಕೂತು ಕಲಿಯುವುದು ದಿನಕ್ಕೆ ಒಂದೂವರೆ ಗಂಟೆ ಮೀರುವುದಿಲ್ಲ. ಹತ್ತು ದಾಟಿದವಳಿಗೆ ಮೂರು. ಬರೆದ ಮೇಲೆ ಕೈಗೆ ಬಿಡುವು, ಕೂತ ಮೇಲೆ ಕಾಲಿಗೆ ಕೆಲಸ, ಹೀಗೆ ಬದಲಾಯಿಸುತ್ತ ಹೋದರೆ ಅಷ್ಟರಲ್ಲೇ ಧಾರಾಳ ಸಾಗುತ್ತದೆ.

ಇನ್ನು ಕೆಟ್ಟ ದಿನಗಳು. ಅವು ಬಂದೇ ಬರುತ್ತವೆ, ಅವಕ್ಕೂ ಮುಂಚೆಯೇ ಒಂದು ಪಟ್ಟಿ ಮಾಡಿಡಿ. ನಮ್ಮದರಲ್ಲಿ ಮೂರೇ ಇವೆ: ಒಂದು ಪುಟ ಲೆಕ್ಕ, ಒಂದು ಕಥೆ ಓದಿ ಹೇಳುವುದು, ಅರ್ಧ ಗಂಟೆ ಹೊರಗೆ. ಜ್ವರವಿದ್ದರೆ ಬರೀ ಕಥೆ. ಆ ಪಟ್ಟಿ ಮುಗಿದರೆ ದಿನ ಮುಗಿಯಿತು, ಮರುದಿನ ಬಾಕಿ ತೀರಿಸುವ ಮಾತಿಲ್ಲ.

ಮಧ್ಯಾಹ್ನ ಒಂದು ಗಂಟೆ ಮನೆಯೆಲ್ಲ ಮೌನ. ಓದಲು ಬಾರದವರು ಚಿತ್ರ ನೋಡಲಿ, ಕಟ್ಟಿಗೆ ತುಂಡು ಜೋಡಿಸಲಿ, ಆದರೆ ಅವರವರ ಮೂಲೆಯಲ್ಲಿ. ಇದು ಮಕ್ಕಳಿಗಾಗಿ ಅಂತ ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ ನನಗಾಗಿ.

ಕೂರುವ ಜಾಗ, ಇಡುವ ಜಾಗ

ಪಾಠಕ್ಕೆ ಬೇರೆ ಕೋಣೆ ಬೇಡ. ಊಟದ ಮೇಜು ಸಾಕು, ನೆಲವೂ ಸಾಕು. ಎರಡು ವಿಷಯ ಮಾತ್ರ ನೋಡಿಕೊಳ್ಳಿ. ಕುರ್ಚಿಯಲ್ಲಿ ಕೂತ ಮಗುವಿನ ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದರೆ ಅದು ಐದು ನಿಮಿಷದಲ್ಲಿ ಜಾರುತ್ತದೆ, ಕುಣಿಯುತ್ತದೆ. ಪಾದದಡಿ ಒಂದು ಮಣೆಯೋ ಗಟ್ಟಿ ರಟ್ಟಿನ ಪೆಟ್ಟಿಗೆಯೋ ಇಡಿ, ವ್ಯತ್ಯಾಸ ಅಂದೇ ಕಾಣುತ್ತದೆ. ಎರಡನೆಯದು ಬೆಳಕು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಬೇಕು, ಎಡಗೈಯವರಿಗೆ ಬಲದಿಂದ. ಇಲ್ಲದಿದ್ದರೆ ತಮ್ಮ ಕೈಯ ನೆರಳಿನಲ್ಲೇ ಬರೆಯಬೇಕು.

ಎಡಚರ ಮಾತು ಬಂದಿದ್ದರಿಂದ ಕತ್ತರಿಯದನ್ನೂ ಹೇಳಿಬಿಡುತ್ತೇನೆ. ಮಾಮೂಲಿ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಮೇಲಿನ ಅಲಗು ಗೆರೆಯನ್ನೇ ಮುಚ್ಚುತ್ತದೆ, ಬೆರಳಿನ ಒತ್ತಡ ಅಲಗುಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ, ಕಾಗದ ಕತ್ತರಿಸುವ ಬದಲು ಮಡಚಿಕೊಳ್ಳುತ್ತದೆ. ನಮ್ಮ ಚಿಕ್ಕವನಿಗೆ ‘ಕೈ ಬಳಕೆ ಸಾಲದು’ ಅಂತ ಆರು ತಿಂಗಳು ನಾನೇ ಬೈದಿದ್ದೆ. ಎಡಗೈಯವರದೇ ಕತ್ತರಿ ಸಿಗುತ್ತದೆ, ಅದರಲ್ಲಿ ಅಲಗುಗಳು ಅದಲುಬದಲಾಗಿರುತ್ತವೆ. ಅದನ್ನು ಕೊಟ್ಟ ದಿನ ಹುಡುಗ ಒಂದು ಇಡೀ ಹಳೇ ಪತ್ರಿಕೆಯನ್ನು ದಾರದ ಹಾಗೆ ಕತ್ತರಿಸಿ ಹಾಕಿದ.

ಇಡುವ ಜಾಗಕ್ಕೆ ಬರೋಣ. ಒಬ್ಬೊಬ್ಬರಿಗೂ ಒಂದು ಟ್ರೇ. ಅದರಲ್ಲಿ ಆ ದಿನದ ನೋಟ್‌ಬುಕ್ಕು, ಎರಡು ಪೆನ್ಸಿಲ್, ರಬ್ಬರ್, ಸ್ಕೇಲ್. ರಾತ್ರಿ ಮಲಗುವ ಮುಂಚೆ ಟ್ರೇ ಸಿದ್ಧವಾಗಬೇಕು, ಬೆಳಿಗ್ಗೆ ಎದ್ದು ಜೋಡಿಸುವುದಲ್ಲ. ಎಲ್ಲರಿಗೂ ಸೇರಿದ ಕತ್ತರಿ, ಗಮ್, ಸ್ಟೇಪ್ಲರ್, ಪಂಚಿಂಗ್ ಮಷಿನ್‌ಗೆ ಒಂದು ತೆರೆದ ಶೆಲ್ಫ್. ಶೆಲ್ಫಿನ ಮೇಲೆ ಕಾಗದ ಹಾಸಿ, ಒಂದೊಂದು ಸಾಮಾನನ್ನೂ ಇಟ್ಟು ಸುತ್ತ ಗೆರೆ ಎಳೆದುಬಿಡಿ. ಕತ್ತರಿಯ ಗೆರೆಯೊಳಗೆ ಕತ್ತರಿ ಇಲ್ಲದಿದ್ದರೆ ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ. ಮೆಂಡರನ್ನು ಮಾತ್ರ ನಾನು ಯಾವ ಗೆರೆಗೂ ನಂಬಲಿಲ್ಲ. ಡಬ್ಬಿ ಇರುವ ಮೆಂಡರ್ ತಂದು, ದಾರ ಕಟ್ಟಿ, ಮೇಜಿನ ಕಾಲಿಗೆ ಬಿಗಿದಿದ್ದೇನೆ. ಬ್ಯಾಂಕಿನ ಪೆನ್ನಿನ ಹಾಗೆ.

ತೊಟ್ಟಿಲಿನಿಂದ ಇಳಿದು ಓಡಾಡುವ ಮಗುವೂ ಮನೆಯಲ್ಲಿದ್ದರೆ ಅದಕ್ಕೊಂದು ಡಬ್ಬಿ ಬೇಕು. ಪಾಠದ ಹೊತ್ತಿನಲ್ಲಿ ಮಾತ್ರ ತೆರೆಯುವ ಡಬ್ಬಿ, ಪಾಠ ಮುಗಿದ ಕೂಡಲೇ ಅಟ್ಟಕ್ಕೆ. ದೊಡ್ಡ ಮುಚ್ಚಳಗಳು, ದೊಡ್ಡ ದಾರದ ಉಂಡೆ, ಇಂಥವು. ವಾರಕ್ಕೊಮ್ಮೆ ಒಳಗಿನದನ್ನು ಬದಲಾಯಿಸಿ. ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆಯಲ್ಲಿ ಸಲೀಸಾಗಿ ತೂರುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರ ಅದು.

ಪೆನ್ಸಿಲ್, ಕಾಗದ

ದಿನಾ ಮುಟ್ಟುವ ಸಾಮಾನು ಇವೆರಡೇ. ಹಾಗಾಗಿ ಖರ್ಚು ಮಾಡುವುದಾದರೆ ಇಲ್ಲಿ ಮಾಡಿ.

ಪೆನ್ಸಿಲ್ ಕಡ್ಡಿ ಅಂದರೆ ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣನ್ನು ಕಲಸಿ ಸುಟ್ಟಿದ್ದು. ಈ ಹದವನ್ನು 1795ರಲ್ಲಿ ಫ್ರಾನ್ಸಿನ ಕಾಂಟೆ ಕಂಡುಹಿಡಿದ. ಮಣ್ಣು ಹೆಚ್ಚಾದಷ್ಟೂ ಕಡ್ಡಿ ಗಡುಸು, ಗೆರೆ ತೆಳು. ಗ್ರಾಫೈಟ್ ಹೆಚ್ಚಾದರೆ ಮೆದು, ಕಪ್ಪು. ಅಕ್ಷರ ಕಲಿಯುವ ಮಗುವಿಗೆ ಮಾಮೂಲಿ ಎಚ್‌ಬಿ ಪೆನ್ಸಿಲ್‌ಗಿಂತ ಮೆದುವಾದ 2ಬಿ ವಾಸಿ, ಒತ್ತದೆಯೇ ಕಪ್ಪಾಗಿ ಮೂಡುತ್ತದೆ, ಬೆರಳು ನೋಯುವುದಿಲ್ಲ. ಜಾಮಿಟ್ರಿಗೆ ಎಚ್‌ಬಿ ಇರಲಿ. ಪುಟ್ಟ ಕೈಗೆ ಉದ್ದನೆ ಹೊಸ ಪೆನ್ಸಿಲ್ ಭಾರ, ಹಿಂದೆ ತೂಗುತ್ತದೆ. ಅರ್ಧಕ್ಕೆ ಮುರಿದು ಎರಡೂ ತುಂಡನ್ನು ಚೂಪು ಮಾಡಿ ಕೊಡಿ. ನಾವು ಎಸೆಯುವ ತುಂಡು ಪೆನ್ಸಿಲ್‌ಗಳೇ ಅವರಿಗೆ ಹಿಡಿಯಲು ಸರಿ.

ಕಾಗದದಲ್ಲಿ ಎ4 ಒಂದನ್ನೇ ನೆಚ್ಚಿಕೊಳ್ಳಿ. 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅರ್ಧಕ್ಕೆ ಮಡಿಸಿದರೆ ಎ5, ಅದೇ ಆಕಾರ. ಇನ್ನೊಮ್ಮೆ ಮಡಿಸಿದರೆ ಎ6, ಮತ್ತೆ ಅದೇ ಆಕಾರ. ಎ4 ಹಾಳೆ ಹದಿನಾರು ಸೇರಿದರೆ ಎ0, ಅದರ ವಿಸ್ತೀರ್ಣ ಒಂದು ಚದರ ಮೀಟರ್. ಕಟ್ಟಿನ ಮೇಲೆ 80 ಜಿಎಸ್ಎಂ ಅಂತ ಬರೆದಿರುತ್ತದಲ್ಲ, ಅದು ಒಂದು ಚದರ ಮೀಟರಿಗೆ 80 ಗ್ರಾಂ ಅನ್ನುವ ಲೆಕ್ಕ. ಹಾಗಾದರೆ ಒಂದು ಹಾಳೆಯ ತೂಕ ಎಷ್ಟು? 80ನ್ನು 16ರಿಂದ ಭಾಗಿಸಿ, 5 ಗ್ರಾಂ. ಇದನ್ನು ನಾನು ಹೇಳಿದಾಗ ದೊಡ್ಡವಳು ನಂಬಲಿಲ್ಲ. ಅಡುಗೆಮನೆಯ ತಕ್ಕಡಿ ತಂದಳು. ಒಂದು ಹಾಳೆ ಇಟ್ಟರೆ ಮುಳ್ಳು ಅಲುಗಲಿಲ್ಲ. ಹತ್ತು ಇಟ್ಟಳು, 50 ಗ್ರಾಂ. ನೂರು ಎಣಿಸಿ ಇಟ್ಟಳು, ಅರ್ಧ ಕೆ.ಜಿ. ಆ ಬೆಳಿಗ್ಗೆ ಅವಳು ಅದುವರೆಗೆ ಒಲ್ಲೆನೆನ್ನುತ್ತಿದ್ದ ಭಾಗಾಕಾರವನ್ನು ಮನೆಯಲ್ಲಿದ್ದ ಎಲ್ಲ ಪುಸ್ತಕಗಳ ಮೇಲೂ ಮಾಡಿದಳು.

ನೀರಿನ ಬಣ್ಣಕ್ಕೆ ಮಾತ್ರ ಈ ಕಾಗದ ಸಲ್ಲದು, ಸುಕ್ಕಾಗುತ್ತದೆ. 200 ಜಿಎಸ್ಎಂ ಮೇಲಿನ ದಪ್ಪ ಹಾಳೆ ಸ್ವಲ್ಪವೇ ಇಟ್ಟುಕೊಂಡಿರಿ. 48 ಬಣ್ಣ ಬೇಡ. ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಕೊಟ್ಟರೆ ಹಸಿರು ಮಾಡುವುದು ಅವರಿಗೇ ಒಂದು ಪಾಠ.

ಒಂದು ಎ4 ಹಾಳೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಕವರಿಗೆ ತೂರಿಸಿದರೆ ಪುಟ್ಟ ವೈಟ್‌ಬೋರ್ಡ್ ಆಯಿತು. ಒಳಗೆ ಚೌಕುಳಿ ಹಾಳೆ ಇಟ್ಟರೆ ಗಣಿತಕ್ಕೆ, ನಾಲ್ಕು ಗೆರೆಯ ಹಾಳೆ ಇಟ್ಟರೆ ಕೈಬರಹಕ್ಕೆ. ತಪ್ಪಾದರೆ ಒರೆಸಬಹುದು ಅನ್ನುವ ಧೈರ್ಯಕ್ಕೇ ಕೆಲವು ಮಕ್ಕಳು ಬರೆಯುತ್ತಾರೆ. ಯಾರಾದರೂ ಬೋರ್ಡಿನ ಮೇಲೆ ಅಳಿಸದ ಮಾರ್ಕರಿನಲ್ಲಿ ಗೀಚಿಬಿಟ್ಟರೆ, ಯಾರಾದರೂ ಗೀಚಿಯೇ ಗೀಚುತ್ತಾರೆ, ಅದರ ಮೇಲೇ ವೈಟ್‌ಬೋರ್ಡ್ ಮಾರ್ಕರಿನಿಂದ ತಿದ್ದಿ, ಒಣಗುವ ಮುಂಚೆ ಬಟ್ಟೆಯಿಂದ ಒರೆಸಿ. ಹೊಸ ಮಸಿಯ ದ್ರಾವಕ ಹಳೆಯದನ್ನೂ ಕರಗಿಸಿಕೊಂಡು ಬರುತ್ತದೆ.

ಲೆಕ್ಕದ ಸಾಮಾನು

ಎಣಿಸಲು ಗುಂಡಿ, ಕಲ್ಲು, ಬೀಜ, ಯಾವುದಾದರೂ ಆದೀತು. ನೂರು ಕಡ್ಡಿ ಮತ್ತು ಹತ್ತು ರಬ್ಬರ್ ಬ್ಯಾಂಡ್ ಇದ್ದರೆ ದಶಕ, ಬಿಡಿ ಎರಡೂ ಮುಗಿಯಿತು. ಹತ್ತು ಕಡ್ಡಿಗೊಂದು ಕಟ್ಟು. 42ರಿಂದ 17 ಕಳೆಯುವಾಗ ಒಂದು ಕಟ್ಟು ಬಿಚ್ಚಲೇಬೇಕು, ‘ದಶಕದಿಂದ ಸಾಲ ತರುವುದು’ ಎಂದರೆ ಏನೆಂದು ಆಗ ಬೆರಳಿಗೇ ಗೊತ್ತಾಗುತ್ತದೆ.

ಕೊಳ್ಳಲೇಬೇಕೆಂದಿದ್ದರೆ ನಾನು ಹೇಳುವುದು ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವಿಸನೇರ್ ರೂಪಿಸಿದ ಬಣ್ಣದ ಕೋಲುಗಳನ್ನು. 1 ಸೆಂ.ಮೀ.ನಿಂದ 10 ಸೆಂ.ಮೀ. ತನಕ ಹತ್ತು ಉದ್ದ, ಹತ್ತು ಬಣ್ಣ, ಮೇಲೆ ಅಂಕಿ ಬರೆದಿರುವುದಿಲ್ಲ. ಅಂಕಿ ಇಲ್ಲದಿರುವುದೇ ಅದರ ಜಾಣತನ. ಇವತ್ತು ಹತ್ತರ ಕೋಲು ‘ಹತ್ತು’, ನಾಳೆ ಅದನ್ನೇ ‘ಒಂದು’ ಅಂದುಕೊಂಡರೆ ಐದರ ಕೋಲು ಅರ್ಧವಾಯಿತು, ಎರಡರದು ಐದನೇ ಒಂದು ಭಾಗವಾಯಿತು. ಸೆಂಟಿಮೀಟರ್ ಚೌಕದ ಹಾಳೆಯನ್ನು ರಟ್ಟಿಗೆ ಅಂಟಿಸಿ ಕತ್ತರಿಸಿದರೆ ಮನೆಯಲ್ಲೇ ಆಗುತ್ತದೆ. ಒಂದು ಮಧ್ಯಾಹ್ನದ ಕೆಲಸ.

ಇವುಗಳ ಜೊತೆ ಅಳತೆ ಟೇಪು, ತಕ್ಕಡಿ, ಮಿ.ಲೀ. ಗೆರೆಯಿರುವ ಜಗ್ಗು, ಎರಡು ದಾಳ, ಮುಳ್ಳು ಕೈಯಲ್ಲೇ ತಿರುಗಿಸಲು ಬರುವ ಹಳೇ ಗಡಿಯಾರ. ಅಷ್ಟೇ.

ಮಗ್ಗಿಗೆ ಒಂದು ಶೂ ಡಬ್ಬಿ

ಮಗ್ಗಿ ಬಾಯಿಪಾಠ ಬೇಕೇ ಬೇಡವೇ ಎಂಬ ಜಗಳ ಮನೆಶಾಲೆಯವರಲ್ಲಿ ಮುಗಿಯುವುದೇ ಇಲ್ಲ. ನನ್ನ ಮತ ಬೇಕು ಅಂತ. ಆದರೆ ಒಂದರಿಂದ ಹತ್ತರ ತನಕ ಒಂದೇ ರಾಗದಲ್ಲಿ ಒಪ್ಪಿಸುವುದರಿಂದ ‘ಏಳೆಂಟು?’ ಅಂತ ತಟ್ಟನೆ ಕೇಳಿದಾಗ ಉತ್ತರ ಬರುವುದಿಲ್ಲ. ಮಗು ಏಳೊಂದ್ಲ ಏಳರಿಂದ ಹತ್ತಿ ಬರಬೇಕು.

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಮೊದಮೊದಲು ಮರೆವು ಬಹಳ ವೇಗ, ಆಮೇಲೆ ನಿಧಾನ. ಮರೆಯುವ ಅಂಚಿನಲ್ಲಿ ಮತ್ತೆ ನೆನಪಿಸಿದರೆ ಗಟ್ಟಿಯಾಗುತ್ತದೆ. ಈ ತತ್ವವನ್ನು 1972ರಲ್ಲಿ ಅದೇ ದೇಶದ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಒಂದು ಡಬ್ಬಿಗೆ ಇಳಿಸಿದ. ನಾವು ಮಾಡುವುದು ಹೀಗೆ.

ಶೂ ಡಬ್ಬಿಯಲ್ಲಿ ರಟ್ಟಿನ ಅಡ್ಡಗೋಡೆ ಇಟ್ಟು ಐದು ಅರೆ ಮಾಡಿ. ಎ4 ಹಾಳೆಯನ್ನು ಎಂಟು ತುಂಡು ಮಾಡಿದರೆ ಚೀಟಿಗಳಾದವು. ಮುಂದೆ ಪ್ರಶ್ನೆ, ಹಿಂದೆ ಉತ್ತರ, ಮಗುವೇ ಬರೆಯಲಿ. ಎಲ್ಲ ಚೀಟಿಯೂ ಮೊದಲ ಅರೆಯಿಂದ ಹೊರಡುತ್ತವೆ. ಸರಿ ಹೇಳಿದರೆ ಮುಂದಿನ ಅರೆಗೆ ಬಡ್ತಿ, ತಪ್ಪಿದರೆ ಎಲ್ಲಿದ್ದರೂ ಮತ್ತೆ ಮೊದಲ ಅರೆಗೆ. ಮೊದಲ ಅರೆಯನ್ನು ದಿನಾ, ಎರಡನೆಯದನ್ನು ದಿನ ಬಿಟ್ಟು ದಿನ, ಮೂರನೆಯದನ್ನು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದನ್ನು ವಾರಕ್ಕೊಮ್ಮೆ, ಕೊನೆಯದನ್ನು ಎರಡು ವಾರಕ್ಕೊಮ್ಮೆ ತೆಗೆಯಿರಿ. ದಿನಕ್ಕೆ ಐದೇ ನಿಮಿಷ.

ಚೀಟಿ ಎಷ್ಟು ಬೇಕು? ಹತ್ತರ ತನಕದ ಮಗ್ಗಿಯಲ್ಲಿ ನೂರು ಗುಣಾಕಾರ. ಆದರೆ 7×8 ಬಂದರೆ 8×7 ಬಂದಂತೆಯೇ, ಹಾಗಾಗಿ ಉಳಿಯುವುದು 55. ಒಂದು, ಎರಡು, ಐದು, ಹತ್ತರ ಮಗ್ಗಿ ಮಕ್ಕಳಿಗೆ ಬೇಗ ಹತ್ತುತ್ತವೆ, ಅವನ್ನೂ ಬಿಟ್ಟರೆ ಬರೀ 21. ಮಗುವಿನ ಮುಂದೆ ನೂರು ಮನೆಯ ಕೋಷ್ಟಕ ಬರೆದು ಗೊತ್ತಿರುವುದನ್ನೆಲ್ಲ ಹೊಡೆದುಹಾಕುತ್ತ ಬನ್ನಿ. ‘ಇಷ್ಟೇನಾ ಅಮ್ಮಾ?’ ಅಂತ ಕೇಳಿದಾಗ ಅದರ ಮುಖ ನೋಡಬೇಕು.

ಹೊರಗೆ ನೋಡಲು

ಒಂದು ಹತ್ತು ಪಟ್ಟಿನ ಪುಟ್ಟ ಭೂತಗನ್ನಡಿ. ಇದನ್ನು ಹಿಡಿಯುವ ಕ್ರಮ ಬಹಳ ಜನಕ್ಕೆ ಗೊತ್ತಿಲ್ಲ, ಕೈ ಚಾಚಿ ದೂರ ಹಿಡಿದು ‘ಏನೂ ಕಾಣಲ್ಲ’ ಅನ್ನುತ್ತಾರೆ. ಗಾಜನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಎಲೆಯನ್ನು ಗಾಜಿನ ಬಳಿಗೆ ತನ್ನಿ. ಸುಮಾರು ಎರಡೂವರೆ ಸೆಂ.ಮೀ. ಅಂತರಕ್ಕೆ ಬಂದಾಗ ನರಗಳು ಥಟ್ಟನೆ ಸ್ಪಷ್ಟವಾಗುತ್ತವೆ. ದೊಡ್ಡ ಮೈಕ್ರೋಸ್ಕೋಪಿಗಿಂತ ಇದು ಹತ್ತು ಪಾಲು ಹೆಚ್ಚು ಬಳಕೆಯಾಗಿದೆ, ಕೊರಳಿಗೆ ನೇತು ಹಾಕಿಕೊಂಡು ಹೋಗಬಹುದಲ್ಲ.

ಬುಡದಿಂದ ಬಾಯಿಯ ತನಕ ಒಂದೇ ಅಗಲವಿರುವ ಡಬ್ಬಿಗೆ ಸ್ಕೇಲ್ ಅಂಟಿಸಿದರೆ ಮಳೆಮಾಪಕ. ಮರದಿಂದ, ಗೋಡೆಯಿಂದ ದೂರ ಬಯಲಲ್ಲಿ ಇಡಿ. ಒಂದು ಮಿ.ಮೀ. ಮಳೆ ಎಂದರೆ ಪ್ರತಿ ಚದರ ಮೀಟರಿಗೆ ಒಂದು ಲೀಟರ್ ನೀರು. 5 ಮೀಟರ್ ಉದ್ದ, 4 ಮೀಟರ್ ಅಗಲದ ಚಾವಣಿ ಮೇಲೆ 10 ಮಿ.ಮೀ. ಬಿದ್ದರೆ 200 ಲೀಟರ್. ನಾವು ವರ್ಷವಿಡೀ ಬರೆದಿಟ್ಟಿದ್ದೇವೆ, ನಡುವೆ ಹನ್ನೊಂದು ದಿನ ಖಾಲಿ, ಯಾರೋ ಡಬ್ಬಿಯನ್ನು ಗೊದಮೊಟ್ಟೆ ಸಾಕಲು ಒಯ್ದಿದ್ದರು.

ವಿಜ್ಞಾನದ ಕಿಟ್‌ಗಳ ಬಗ್ಗೆ ಒಂದು ಎಚ್ಚರಿಕೆ, ಇದರಲ್ಲಿ ತಮಾಷೆ ಇಲ್ಲ. ಬಟನ್ ಬ್ಯಾಟರಿ ನುಂಗಿ ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು. ಪುಟ್ಟ, ಬಹಳ ಶಕ್ತಿಯ ಅಯಸ್ಕಾಂತಗಳನ್ನು ಎರಡು ನುಂಗಿದರೆ ಅವು ಕರುಳಿನ ಗೋಡೆಯನ್ನು ನಡುವೆ ಹಿಡಿದು ತೂತು ಮಾಡುತ್ತವೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇವೆರಡೂ ಇರುವ ಸಾಮಾನು ತರಲೇಬೇಡಿ. ದೊಡ್ಡ ಪಟ್ಟಿ ಅಯಸ್ಕಾಂತ, ಸ್ಕ್ರೂ ಹಾಕಿ ಮುಚ್ಚಿದ ಬ್ಯಾಟರಿ ಡಬ್ಬಿ ಸಾಕು.

ಗೋಡೆ ಮತ್ತು ಗ್ಲೋಬ್

ಬಾಗಿಲಿನಿಂದ ಶುರುಮಾಡಿ ಗೋಡೆಯುದ್ದಕ್ಕೂ ಒಂದು ಕಾಗದದ ಪಟ್ಟಿ ಅಂಟಿಸಿ. ಬಾಗಿಲಿನ ತುದಿ ಈ ವರ್ಷ. ಹತ್ತು ವರ್ಷಕ್ಕೆ ಒಂದು ಸೆಂಟಿಮೀಟರ್. ನಮ್ಮ ಏಳು ವರ್ಷದವನ ಇಡೀ ಆಯುಸ್ಸು ಒಂದು ಬೆರಳಿನ ಅಗಲಕ್ಕೂ ಕಡಿಮೆ. ಮನುಷ್ಯ ಚಂದ್ರನ ಮೇಲೆ ಇಳಿದ 1969 ಅಲ್ಲೇ ಐದಾರು ಸೆಂ.ಮೀ. ದೂರದಲ್ಲಿ. ಎರಡು ಸಾವಿರ ವರ್ಷ ಹಿಂದಕ್ಕೆ ಎರಡು ಮೀಟರ್. ಈಜಿಪ್ಟಿನ ಮಹಾ ಪಿರಮಿಡ್ಡು ನಾಲ್ಕೂವರೆ ಮೀಟರ್ ದಾಟಿ ಮಲಗುವ ಕೋಣೆಗೆ ಹೋಗಿ ಕೂತಿತು. ಡೈನೋಸಾರ್ ಎಲ್ಲಿ ಅಂಟಿಸೋಣ ಅಂತ ಚಿಕ್ಕವನು ಕೇಳಿದ. 6.6 ಕೋಟಿ ವರ್ಷ, ಲೆಕ್ಕ ಹಾಕಿದೆವು: 66 ಕಿಲೋಮೀಟರ್. ‘ಬಸ್ಸಿನಲ್ಲಿ ಹೋಗಿ ಅಂಟಿಸಿ ಬರಬೇಕು’ ಅಂದ.

ಗೋಡೆಯ ನಕ್ಷೆ ಇದ್ದರೂ ಗ್ಲೋಬ್ ಬೇಕು. ನಕ್ಷೆಕಾರ ಮರ್ಕೇಟರ್ 1569ರಲ್ಲಿ ಹಡಗಿನವರಿಗಾಗಿ ಮಾಡಿದ ಬಗೆಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿದು ಎಳೆದರೆ ದೂರದ ವಿಮಾನದ ದಾರಿ ನಕ್ಷೆಯಲ್ಲಿ ಯಾಕೆ ಧ್ರುವದ ಕಡೆ ಬಾಗಿರುತ್ತದೆ ಎಂಬುದೂ ಕಾಣುತ್ತದೆ.

ಪ್ರಿಂಟರ್, ಪರದೆ

ಪ್ರಿಂಟರ್ ತರುವುದಾದರೆ ಲೇಸರ್ ತನ್ನಿ. ಎರಡು ವಾರ ಸುಮ್ಮನಿಟ್ಟರೆ ಇಂಕ್‌ಜೆಟ್ ಪ್ರಿಂಟರಿನ ಮಸಿ ಅದು ಚಿಮ್ಮುವ ತೂತಿನಲ್ಲೇ ಒಣಗಿ ಕೂರಬಹುದು. ಲೇಸರಿನ ಟೋನರ್ ಪುಡಿ, ಒಣಗುವ ಪ್ರಶ್ನೆಯಿಲ್ಲ. ಆದರೆ ಪ್ರಿಂಟರ್ ಬಂದ ಮನೆಗೆ ವರ್ಕ್‌ಶೀಟಿನ ಚಟ ಹಿಂದೆಯೇ ಬರುತ್ತದೆ. ಬಿಟ್ಟ ಸ್ಥಳ ತುಂಬುವ ಹಾಳೆ ಹತ್ತು ಮುಗಿಸಿದರೆ ನಮಗೆ ಸಮಾಧಾನ, ಮಗುವಿಗೆ ಏನೂ ಇಲ್ಲ. ನಾನು ವಾರಕ್ಕೆ ಹತ್ತು ಹಾಳೆ ಅಂತ ನನಗೇ ಮಿತಿ ಹಾಕಿಕೊಂಡಿದ್ದೇನೆ.

ಪರದೆ ನೋಡುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರವನ್ನು ಇಪ್ಪತ್ತು ಸೆಕೆಂಡ್ ನೋಡುವುದು ಕಣ್ಣಿಗೆ ಆರಾಮ. ಅದಕ್ಕಿಂತ ಮುಖ್ಯ ಹಗಲು ಬೆಳಕು. ಹೊರಗೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ದಿನಕ್ಕೆ ಎರಡು ಗಂಟೆ ಹೊರಗೆ ಕಳೆಯಲು ಮನೆಶಾಲೆಯ ಮಕ್ಕಳಿಗಿರುವಷ್ಟು ಅನುಕೂಲ ಬೇರೆಯವರಿಗಿಲ್ಲ. ಗಟ್ಟಿ ಪರೀಕ್ಷೆ ಪ್ಯಾಡೊಂದಿದ್ದರೆ ಉಕ್ತಲೇಖನವೂ ಮರದ ಕೆಳಗೇ ಆಗುತ್ತದೆ. ಜೊತೆಗಾರರು ಸಿಗುವುದೂ ಅಲ್ಲೇ, ‘ಮಕ್ಕಳಿಗೆ ಸಂಗ ಎಲ್ಲಿ?’ ಎಂದು ಕೇಳುವವರಿಗೆ ನಾನು ಮೈದಾನ ತೋರಿಸುತ್ತೇನೆ.

ಬರೆದಿಡುವುದು, ಹೊರಗೆ ಹಾಕುವುದು

ನಾಳೆ ಏನು ಮಾಡಬೇಕೆಂದು ಉದ್ದುದ್ದ ಯೋಜನೆ ಬರೆಯುವುದನ್ನು ನಾನು ಬಿಟ್ಟೆ. ರಾತ್ರಿ ಆ ದಿನ ಏನಾಯಿತು ಎಂದು ಮೂರು ಸಾಲು ಬರೆಯುತ್ತೇನೆ, ಒಬ್ಬೊಬ್ಬರಿಗೂ ಒಂದೊಂದು ನೋಟ್‌ಬುಕ್. ‘ಕಾಗದ ತೂಗಿದಳು. ಭಾಗಾಕಾರ ಅರ್ಥವಾದಂತಿದೆ. 96÷8ರಲ್ಲಿ ತಡವರಿಸಿದಳು.’ ಆರು ತಿಂಗಳು ಕಳೆದು ತಿರುವಿದರೆ ಯಾವ ವಿಷಯ ಕಾಣೆಯಾಗಿದೆ ಅನ್ನುವುದು ತಾನೇ ಎದ್ದು ಕಾಣುತ್ತದೆ, ನಮ್ಮಲ್ಲಿ ಒಮ್ಮೆ ಮೂರು ತಿಂಗಳು ಸಂಗೀತ ಎಂಬ ಪದವೇ ಇರಲಿಲ್ಲ. ಲೆಕ್ಕ ಕೇಳುವ ಕಾನೂನಿರುವ ಕಡೆ ಈ ನೋಟ್‌ಬುಕ್ಕೇ ಅರ್ಧ ಕೆಲಸ ಮಾಡಿಕೊಡುತ್ತದೆ. ಚಿತ್ರಗಳ ಹಿಂದೆ ತಾರೀಕು ಹಾಕಿಬಿಡಿ, ಮರೆತರೆ ಆನೆ ಬರೆದಿದ್ದು ನಾಲ್ಕನೇ ವಯಸ್ಸಿನಲ್ಲೋ ಆರರಲ್ಲೋ ಎಂದು ಗೊತ್ತಾಗುವುದಿಲ್ಲ. ಮಣ್ಣಿನ ಗೊಂಬೆ, ರಟ್ಟಿನ ಕೋಟೆ ಇವೆಲ್ಲ ಫೋಟೋದಲ್ಲಿ ಉಳಿಯಲಿ. ಕೋಟೆಯನ್ನು ಇಟ್ಟುಕೊಂಡು ನಾವು ಎಲ್ಲಿ ಮಲಗುವುದು?

ಆರು ತಿಂಗಳಿಗೊಮ್ಮೆ ಶೆಲ್ಫ್ ಖಾಲಿ ಮಾಡಿ. ಈ ಅವಧಿಯಲ್ಲಿ ಯಾರೂ ಮುಟ್ಟದ ಸಾಮಾನನ್ನು ಒಂದು ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿ, ಮೇಲೆ ತಾರೀಕು ಬರೆದು ಅಟ್ಟಕ್ಕೆ ಏರಿಸಿ. ಮೂರು ತಿಂಗಳಲ್ಲಿ ಯಾರೂ ಕೇಳದಿದ್ದರೆ ತೆರೆದು ನೋಡದೆ ಬೇರೆ ಮನೆಗೆ ಕೊಟ್ಟುಬಿಡಿ. ತೆರೆದರೆ ಕೊಡಲು ಮನಸ್ಸಾಗುವುದಿಲ್ಲ. ಎರಡು ಅಬಾಕಸ್, ಮಿಂಚುವ ಕಾರ್ಡು, ಮೈಕ್ರೋಸ್ಕೋಪು ಎಲ್ಲ ಹೀಗೆ ಹೋದವು. ಅಟ್ಟದಿಂದ ಇಳಿಸಿಕೊಡಿ ಎಂದು ಮಕ್ಕಳು ಹಟ ಹಿಡಿದು ವಾಪಸ್ ಪಡೆದದ್ದು ಇದುವರೆಗೆ ಒಂದೇ ಒಂದು, ಅಂಚು ಸೀಳಿದ ಹಳೇ ಪ್ಲಾಸ್ಟಿಕ್ ಆಲಿಕೆ.